ಜ್ಯೂರಿ ವಿಸರ್ಜನೆಯ ನಿರಾಕರಣೆ ಮತ್ತು ಕ್ರಿಮಿನಲ್ ಮೇಲ್ಮನವಿ

ಕ್ರಿಮಿನಲ್ ವಿಚಾರಣೆಯ ನಡುವೆ ಆರೋಪಿಯ ಬಗ್ಗೆ ಪೂರ್ವಗ್ರಹ ಹುಟ್ಟಿಸುವ, ಕಾನೂನು ಒಪ್ಪದ ಮಾತು ಜ್ಯೂರಿಯ ಕಿವಿಗೆ ಬಿದ್ದರೆ, ಆ ಜ್ಯೂರಿಯನ್ನು ವಿಸರ್ಜಿಸಿ ಹೊಸದಾಗಿ ವಿಚಾರಣೆ ನಡೆಸುವಂತೆ ಆರೋಪಿ ಪರ ವಕೀಲರು ಕೋರಬಹುದು. ನ್ಯಾಯಾಧೀಶರು ಕೋರಿಕೆಯನ್ನು ತಳ್ಳಿಹಾಕಿ, ಕೊನೆಗೆ ಶಿಕ್ಷೆಯೂ ಆದಾಗ ಆ ನಿರಾಕರಣೆಯೇ ಮೇಲ್ಮನವಿಗೆ ಆಧಾರವಾಗುತ್ತದೆ. ಸಾಕ್ಷಿಯೊಬ್ಬರು ಪಾಟೀಸವಾಲಿನಲ್ಲಿ ಆರೋಪಿಯ ಹಳೆಯ ಜೈಲುವಾಸದ ಮಾತೆತ್ತುವುದು ಇದರ ಪರಿಚಿತ ರೂಪ.

ಇಂಥ ಸಾಕ್ಷ್ಯದ ಚರ್ಚೆಗೆ ಬುನಾದಿ ಹಾಕಿದ್ದು ಸಿಡ್ನಿಯ ಮೇಕಿನ್ ದಂಪತಿಯ ಪ್ರಕರಣ. ಹಣ ಪಡೆದು ಹಸುಗೂಸುಗಳನ್ನು ಸಾಕಲು ಒಯ್ಯುತ್ತಿದ್ದ ಇವರು ಬಾಡಿಗೆಗಿದ್ದ ಮನೆಗಳ ಅಂಗಳದಲ್ಲಿ 1892ರಲ್ಲಿ ಶಿಶುಗಳ ಶವಗಳು ಸಿಕ್ಕವು. ಒಂದು ಮಗುವಿನ ಕೊಲೆಯ ವಿಚಾರಣೆಯಲ್ಲಿ ಉಳಿದ ಶವಗಳ ವಿಷಯ ಹೇಳಬಹುದೇ? ಆರೋಪಿ ಕೆಟ್ಟವನು, ಆದ್ದರಿಂದ ಇದನ್ನೂ ಮಾಡಿರಬೇಕು ಎಂದು ತೋರಿಸಲು ಹೇಳುವಂತಿಲ್ಲ. ಸಾವು ಆಕಸ್ಮಿಕವಲ್ಲವೆಂದು ತೋರಿಸಲು ಹೇಳಬಹುದು ಎಂದು ಆಗ ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಗೆರೆ ಎಳೆಯಿತು.

ಹಿಂದಿನ ಶಿಕ್ಷೆಯ ಸುದ್ದಿ ಹೊರಬಿದ್ದ ಮಾತ್ರಕ್ಕೆ ವಿಸರ್ಜನೆ ಕಡ್ಡಾಯವಲ್ಲ, ಅದು ಆಯಾ ಪ್ರಕರಣದ ಸಂಗತಿಗಳನ್ನು ನೋಡಿ ನ್ಯಾಯಾಧೀಶರು ಬಳಸುವ ವಿವೇಚನೆ ಎಂಬುದು ಇಂಗ್ಲೆಂಡಿನ ವೀವರ್ ತೀರ್ಪಿನ ನಿಲುವು. ಆಸ್ಟ್ರೇಲಿಯದ ಹೈಕೋರ್ಟು 1996ರ ಕ್ರಾಫ್ಟ್ಸ್ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಚಾರಣಾ ನ್ಯಾಯಾಧೀಶರ ವಿವೇಚನೆಗೆ ಸಾಕಷ್ಟು ಸಡಿಲ ಕೊಡಬೇಕು ನಿಜ. ಆದರೆ ವಿಸರ್ಜಿಸದಿದ್ದುದರಿಂದ ನ್ಯಾಯ ಗಣನೀಯವಾಗಿ ತಪ್ಪುವ ಅಪಾಯವಿತ್ತೇ ಎಂಬುದನ್ನು ಮೇಲ್ಮನವಿ ನ್ಯಾಯಾಲಯ ತಾನೇ ತೂಗಬೇಕು. ಮಾತು ಎಷ್ಟು ಗಂಭೀರ, ವಿಚಾರಣೆ ಯಾವ ಹಂತದಲ್ಲಿತ್ತು, ಬೇಕೆಂದೇ ಆಡಿದ್ದೇ, ನ್ಯಾಯಾಧೀಶರ ಎಚ್ಚರಿಕೆ ಅದರ ಪರಿಣಾಮವನ್ನು ಅಳಿಸಬಲ್ಲದೇ ಎಂಬಿವೆಲ್ಲ ಲೆಕ್ಕಕ್ಕೆ ಬರುತ್ತವೆ.

ಇವುಗಳಲ್ಲಿ ಕೊನೆಯದೇ ಕಗ್ಗಂಟು. ಕೇಳಿದ್ದನ್ನು ಪರಿಗಣಿಸಬೇಡಿ ಎಂದು ಒತ್ತಿ ಹೇಳಿದಷ್ಟೂ ಅದು ಮನಸ್ಸಿನಲ್ಲಿ ಕೂರುತ್ತದೆ. ಹೀಗಾಗಿ ಎಷ್ಟೋ ಸಲ ಆರೋಪಿ ಪರ ವಕೀಲರೇ ಎಚ್ಚರಿಕೆಯ ಮಾತು ಬೇಡವೆನ್ನುತ್ತಾರೆ. ಜ್ಯೂರಿ ಸೂಚನೆ ಪಾಲಿಸುತ್ತದೆಂಬ ಕಾನೂನಿನ ನಂಬಿಕೆಗೂ ಮಿತಿಯುಂಟು. ಸಹ-ಆರೋಪಿಯ ತಪ್ಪೊಪ್ಪಿಗೆಯಂಥದ್ದನ್ನು ಸೂಚನೆಯಿಂದ ಅಳಿಸಲಾಗದೆಂದು ಅಮೆರಿಕದ ಸುಪ್ರೀಂ ಕೋರ್ಟು 1968ರ ಬ್ರೂಟನ್ ತೀರ್ಪಿನಲ್ಲಿ ಒಪ್ಪಿಕೊಂಡಿತು.

ಭಾರತದಲ್ಲಿ 2024ರವರೆಗೆ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವಿರದ ಕಾರಣ ಇಲ್ಲಿ ವಿಸರ್ಜನೆಯ ಪ್ರಶ್ನೆ ಏಳುತ್ತಿರಲಿಲ್ಲ. ಸಲ್ಲದ ಸಾಕ್ಷ್ಯ ಕಡತ ಸೇರಿದ್ದರೂ, ಅದನ್ನು ಬದಿಗಿಟ್ಟು ಉಳಿದ ಸಾಕ್ಷ್ಯ ತೀರ್ಪಿಗೆ ಸಾಕೇ ಎಂದು ನೋಡುವ ನಿಯಮ 1872ರ ಸಾಕ್ಷ್ಯ ಅಧಿನಿಯಮದ 167ನೇ ಪ್ರಕರಣದಲ್ಲಿತ್ತು.