ಗಡಿ ದಾಟುವ ಹಿಂಸೆ: ಕೋಣನಕುಂಟೆ ಪ್ರಕರಣದ ಪಾಠ

ಮಾದಕವಸ್ತು ಜಾಲಗಳ ಕಾಳಗ ಒಂದು ದೇಶದ ಗಡಿ ದಾಟಿ ನೆರೆರಾಷ್ಟ್ರಕ್ಕೂ ಹಬ್ಬೀತೆಂಬ ಆತಂಕ ಅಮೆರಿಕ-ಮೆಕ್ಸಿಕೊ ಗಡಿಯಲ್ಲಿ ಎರಡು ದಶಕಗಳಿಂದ ಚರ್ಚೆಯಲ್ಲಿದೆ. 2006ರ ಡಿಸೆಂಬರ್‌ನಲ್ಲಿ ಮೆಕ್ಸಿಕೊ ಸರ್ಕಾರ ಈ ಜಾಲಗಳ ವಿರುದ್ಧ ಸೇನೆಯನ್ನು ಇಳಿಸಿದ ನಂತರ ರಕ್ತಪಾತ ತೀವ್ರವಾಯಿತು. 2010ರಲ್ಲಿ ಗಡಿನಗರ ಹುವಾರೆಸ್‌ನಲ್ಲಿ 3 ಸಾವಿರಕ್ಕೂ ಹೆಚ್ಚು ಕೊಲೆಗಳಾದವು. ನದಿಯಾಚೆಗಿನ ಅಮೆರಿಕದ ಎಲ್ ಪಾಸೊದಲ್ಲಿ ಅದೇ ವರ್ಷ ನಡೆದ ಕೊಲೆಗಳು ಕೇವಲ 5. ಹಾಗೆಂದು ಜಾಲವು ಗಡಿ ದಾಟಿರಲಿಲ್ಲ ಎಂದಲ್ಲ. ದಾಸ್ತಾನು ಮನೆ, ವಾಹನ, ಹಣದ ವಹಿವಾಟು, ಬಂದೂಕು ಖರೀದಿ ಇವೆಲ್ಲ ಅಮೆರಿಕದ ನೆಲದಲ್ಲಿಯೂ ಸದ್ದಿಲ್ಲದೆ ನಡೆದಿದ್ದವು.

ಸಮುದ್ರದಾಚೆಯ ಸಶಸ್ತ್ರ ಸಂಘರ್ಷವೊಂದು ಹೀಗೆಯೇ ಸದ್ದಿಲ್ಲದೆ ಬೆಂಗಳೂರಿನೊಳಗೆ ಬಂದು ನೆಲೆಸಿದ ನಿದರ್ಶನ ನಮ್ಮಲ್ಲಿಯೂ ಉಂಟು. ಅದು ಮಾದಕವಸ್ತುವಿನ ಪ್ರಕರಣವಲ್ಲ. ಶ್ರೀಲಂಕಾದ ಎಲ್‌ಟಿಟಿಇ ಸಂಘಟನೆಗೆ ಸೇರಿದ್ದು.

1991ರ ಆಗಸ್ಟ್

ಮಾಜಿ ಪ್ರಧಾನಿ ರಾಜೀವ್ ಗಾಂಧಿ 1991ರ ಮೇ 21ರಂದು ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ಮಾನವ ಬಾಂಬ್ ದಾಳಿಗೆ ಬಲಿಯಾದರು. ತಮಿಳುನಾಡಿನಲ್ಲಿ ಶೋಧ ಬಿಗಿಯಾದಾಗ, ಸಂಚಿನ ಪ್ರಮುಖ ಶಿವರಾಸನ್ ಮತ್ತು ಸಹಚರರು ಟ್ಯಾಂಕರ್ ಲಾರಿಯೊಂದರಲ್ಲಿ ಅಡಗಿ ಬೆಂಗಳೂರು ಸೇರಿದರು. ಅವರಿಗೆ ಬೇಕಾಗಿದ್ದುದೆಲ್ಲ ಸಿದ್ಧವಿತ್ತು: ಸಂಘಟನೆಯ ಗಾಯಾಳುಗಳನ್ನು ಇರಿಸಿ ಆರೈಕೆ ಮಾಡಲೆಂದು ರಾಜ್ಯದಲ್ಲಿ ಮೊದಲೇ ಪಡೆದಿದ್ದ ಮನೆಗಳು, ಓಡಾಟಕ್ಕೆ ವಾಹನ, ಸ್ಥಳೀಯರ ಪರಿಚಯ.

ಆಗಸ್ಟ್ ಮಧ್ಯಭಾಗದಲ್ಲಿ ಪೊಲೀಸರು ಮಂಡ್ಯ ಜಿಲ್ಲೆಯ ಮುತ್ತತ್ತಿ ಮೊದಲಾದೆಡೆ ದಾಳಿ ನಡೆಸಿದಾಗ ಅಲ್ಲಿದ್ದ ಹತ್ತಕ್ಕೂ ಹೆಚ್ಚು ಮಂದಿ ಸಯನೈಡ್ ನುಂಗಿ ಪ್ರಾಣಬಿಟ್ಟರು. ಅದೇ ವೇಳೆಗೆ ಬಸವನಗುಡಿಯ ದಕ್ಷಿಣಕ್ಕೆ ಸಾಗುವ ಕನಕಪುರ ರಸ್ತೆಯ ಬದಿಯಲ್ಲಿ, ಆಗಿನ್ನೂ ನಗರದ ಅಂಚಿನ ಹಳ್ಳಿಯಾಗಿದ್ದ ಕೋಣನಕುಂಟೆಯ ಮನೆಯೊಂದನ್ನು ಪೊಲೀಸರು ಸುತ್ತುವರಿದರು. ಆರೋಪಿಗಳನ್ನು ಜೀವಂತ ಹಿಡಿಯಬೇಕೆಂಬ ಉದ್ದೇಶದಿಂದ ರಾಷ್ಟ್ರೀಯ ಭದ್ರತಾ ದಳದ ಕಮಾಂಡೊಗಳಿಗಾಗಿ ಸುಮಾರು ಒಂದೂವರೆ ದಿನ ಕಾಯಲಾಯಿತು. ಆಗಸ್ಟ್ 20ರ ಬೆಳಿಗ್ಗೆ ಕಮಾಂಡೊಗಳು ಒಳನುಗ್ಗಿದಾಗ ಶಿವರಾಸನ್, ಶುಭಾ ಸೇರಿದಂತೆ ಏಳು ಮಂದಿ ಶವವಾಗಿದ್ದರು. ಈ ವಿಳಂಬ ತೀವ್ರ ಟೀಕೆಗೆ ಗುರಿಯಾಯಿತು. ಎಲ್‌ಟಿಟಿಇಯನ್ನು ಭಾರತ 1992ರ ಮೇ ತಿಂಗಳಲ್ಲಿ ನಿಷೇಧಿಸಿತು.

ಆಶ್ರಯ ಮತ್ತು ಅಪರಾಧ

ಆಶ್ರಯ ನೀಡಿದವನೂ ಕೊಲೆಗಾರನೇ? ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. 1998ರ ಜನವರಿಯಲ್ಲಿ ವಿಶೇಷ ಟಾಡಾ ನ್ಯಾಯಾಲಯ ಎಲ್ಲ 26 ಆರೋಪಿಗಳಿಗೂ ಮರಣದಂಡನೆ ವಿಧಿಸಿತ್ತು. 1999ರ ಮೇ 11ರಂದು ಸುಪ್ರೀಂ ಕೋರ್ಟ್, ಆಶ್ರಯ ನೀಡಿದವರೂ ಸೇರಿದಂತೆ 19 ಮಂದಿಯನ್ನು ಕೊಲೆ ಸಂಚಿನ ಆರೋಪದಿಂದ ಮುಕ್ತಗೊಳಿಸಿತು. ತಿಳಿದೂ ಆಶ್ರಯ ಕೊಡುವುದು ಅಪರಾಧ. ಆದರೆ ಅದು ಕೊಲೆಗೆ ಸಮನಲ್ಲ ಎಂಬ ವಿವೇಚನೆ ಇಲ್ಲಿದೆ.

ಮಾದಕವಸ್ತು ಕಾನೂನಿನಲ್ಲಿಯೂ ಮನೆಯೊಡೆಯನ ಹೊಣೆ ಸ್ಪಷ್ಟ. 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಮಿನಂತೆ, ತನ್ನ ಮನೆ, ಕೊಠಡಿ ಅಥವಾ ವಾಹನವನ್ನು ಇಂಥ ಅಪರಾಧಕ್ಕೆ ತಿಳಿದೂ ಬಿಟ್ಟುಕೊಟ್ಟವನು ಆ ಅಪರಾಧಕ್ಕೆ ನಿಗದಿಯಾದ ಶಿಕ್ಷೆಗೇ ಗುರಿಯಾಗುತ್ತಾನೆ. ಗಾಂಜಾ 20 ಕಿಲೊ, ಹೆರಾಯಿನ್ 250 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ. ಅದಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಸೆರೆವಾಸವಿದೆ.

ಹಳೆಯ ಬಡಾವಣೆಗಳ ಆತಂಕ

2013ರ ಏಪ್ರಿಲ್ 17ರಂದು ಮಲ್ಲೇಶ್ವರದ ಬಿಜೆಪಿ ಕಚೇರಿಯ ಸಮೀಪ ಬೈಕಿನಲ್ಲಿರಿಸಿದ್ದ ಬಾಂಬ್ ಸ್ಫೋಟಿಸಿ ಪೊಲೀಸರೂ ಸೇರಿದಂತೆ 16 ಮಂದಿ ಗಾಯಗೊಂಡರು. ಬೈಕಿಗೆ ತಮಿಳುನಾಡಿನ ನೋಂದಣಿ ಫಲಕವಿತ್ತು. ಇಂಥ ಪ್ರತಿ ಘಟನೆಯ ಬೆನ್ನಿಗೂ ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳಂಥ ಹಳೆಯ ಬಡಾವಣೆಗಳಲ್ಲಿ ಹೊರಗಿನವರ ಮೇಲೆ ಅನುಮಾನ ಮೂಡುವುದು ಸಹಜ. ಆದರೆ ಭಾಷೆಯನ್ನೋ ಊರನ್ನೋ ನೋಡಿ ಅನುಮಾನಿಸುವುದು ಭದ್ರತೆಯಲ್ಲ. ಕೋಣನಕುಂಟೆಯ ಘಟನೆ ನಡೆದ ಅದೇ ವರ್ಷದ ಡಿಸೆಂಬರ್‌ನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ವಿವಾದದಲ್ಲಿ, ಇದೇ ನಗರದ ತಮಿಳು ಭಾಷಿಕರು ಹಲ್ಲೆಗೆ ಗುರಿಯಾದರು. ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಆ ಹಿಂಸೆ ಯಾವ ಗಡಿಯನ್ನೂ ದಾಟಿ ಬಂದದ್ದಲ್ಲ.

ಮಾಡಬೇಕಾದುದು ಸರಳ ಮತ್ತು ಎಲ್ಲರಿಗೂ ಒಂದೇ. ಬಾಡಿಗೆದಾರ ಯಾರೇ ಆಗಿರಲಿ, ಗುರುತಿನ ಚೀಟಿಯ ಪ್ರತಿ ಪಡೆಯಬೇಕು. ಕರಾರು ಪತ್ರ ಬರೆಸಿಕೊಳ್ಳಬೇಕು. ದಲ್ಲಾಳಿಯ ಮಾತಿಗೇ ಬಿಡದೆ ವಾಸಿಸುವವರನ್ನು ಖುದ್ದಾಗಿ ಭೇಟಿಯಾಗಬೇಕು. ವಿವರವನ್ನು ಪೊಲೀಸ್ ಠಾಣೆಗೆ ತಿಳಿಸಬೇಕು. ಮಾದಕವಸ್ತುವಿನ ಸಂಶಯವಿದ್ದಲ್ಲಿ ರಾಷ್ಟ್ರೀಯ ಸಹಾಯವಾಣಿ 1933ಕ್ಕೆ ಕರೆ ಮಾಡಬಹುದು. ವಠಾರದ ಒಂದು ಕೋಣೆಯಿಂದ ಹಿಡಿದು ಬಹುಮಹಡಿ ಕಟ್ಟಡದ ಫ್ಲಾಟ್‌ವರೆಗೆ ಈ ಕ್ರಮ ಒಂದೇ ಆಗಿದ್ದರೆ, ಪ್ರಾಮಾಣಿಕ ಬಾಡಿಗೆದಾರನಿಗೆ ಅವಮಾನವಾಗದು. ಅಡಗಲು ಬಂದವನಿಗೆ ಸುಲಭದ ಆಸರೆಯೂ ಸಿಗದು.