ಗಾಡಿಗೆ ಟೈರು ಬಂದ ಕಥೆ

ಪುಟ್ಟ ಜೀಪಿನಂಥ ವಾಹನ ಕೊಂಡವರು ತಿಂಗಳು ಕಳೆಯುವುದರೊಳಗೆ ಗ್ಯಾರೇಜಿನ ಮುಂದೆ ನಿಂತಿರುತ್ತಾರೆ. ಕಂಪೆನಿ ಕೊಟ್ಟ ಟೈರು ಅವರಿಗೆ ಸಣ್ಣದೆನಿಸಿರುತ್ತದೆ, ಸ್ಪ್ರಿಂಗು ಗಡುಸೆನಿಸಿರುತ್ತದೆ. 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯ ನಾಲ್ಕೂ ಗಾಲಿಗಳ ಮೇಲೆ ಇದ್ದದ್ದು ಒಂದರ ಮೇಲೊಂದು ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗು. ಚಾಲಕರ ಬಾಯಲ್ಲಿ ಅದು ‘ಪಾಟಾ’. ಅದರ ಕುಲುಕಾಟ ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಚೆನ್ನಾಗಿ ಗೊತ್ತು. 2023ರಲ್ಲಿ ಬಂದ ಜಿಮ್ನಿಗೆ ಸುರುಳಿ ಸ್ಪ್ರಿಂಗು ಇದೆ. ಆದರೂ ಗ್ಯಾರೇಜಿನ ಚರ್ಚೆ ಮುಗಿದಿಲ್ಲ. ಎತ್ತರದ ಗಾಲಿಯೋ, ಅಗಲದ ಗಾಲಿಯೋ? ಕೆಸರಿಗೆ ಯಾವುದು, ಕಲ್ಲಿಗೆ ಯಾವುದು?

ಈ ಪ್ರಶ್ನೆ ಜೀಪಿಗಿಂತ ಬಹಳ ಹಳೆಯದು. ಹೊನ್ನಾಳಿ–ನ್ಯಾಮತಿ ಸೀಮೆಯ ಗೋವಿನಕೋವಿಯಂಥ ಊರುಗಳ ರೈತರಿಗೂ ಇದು ಎದುರಾದದ್ದೇ. ಅವರ ಮುಂದಿದ್ದುದು ಎತ್ತಿನ ಗಾಡಿ. ರಸ್ತೆ ಬಿಟ್ಟು ಹೊಲ, ಹಳ್ಳ, ಕೆರೆಯಂಗಳಕ್ಕೆ ಇಳಿಯುವ ಸಣ್ಣ ವಾಹನ ನಮ್ಮ ನಾಡಿನಲ್ಲಿ ಇದಕ್ಕಿಂತ ಬೇರೆ ಯಾವುದಿತ್ತು?

ಗಾಡಿಯೂ ಎಲ್ಲ ಕಾಲದಲ್ಲಿ ಎಲ್ಲ ಕಡೆ ಓಡಾಡಿದ್ದಲ್ಲ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಡ ವ್ಯಾಪಾರ ಬಹುಮಟ್ಟಿಗೆ ಎತ್ತಿನ ಬೆನ್ನಿನ ಮೇಲೆ ಸಾಗುತ್ತಿತ್ತು. ಮುಂದೆ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ (1834–61) ರಸ್ತೆಗಳು ಹೆಚ್ಚಿದಂತೆ ಹೇರು ಬೆನ್ನಿನಿಂದ ಗಾಡಿಗೆ ಇಳಿಯಿತು.

ಆ ಗಾಡಿಯ ಮರದ ಗಾಲಿಯನ್ನು ಹಳೆಯ ಕಾಲದ ಒರಟು ವಸ್ತುವೆಂದು ತಳ್ಳಿಹಾಕುವುದು ಸರಿಯಲ್ಲ. ನಡುವೆ ಗುಂಬ, ಅದರಿಂದ ಚಾಚಿದ ಅರೆಗಳು, ಸುತ್ತ ಬಾಗಿದ ಮರದ ತುಂಡುಗಳು. ಇವೆಲ್ಲವನ್ನೂ ಬಿಗಿದು ಹಿಡಿಯುವುದು ಹೊರಗಿನ ಕಬ್ಬಿಣದ ಹಳಿ. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿ ಮಾಡಿ, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತೊಡಿಸುತ್ತಿದ್ದರು. ಮೇಲೆ ನೀರು ಸುರಿದೊಡನೆ ಕಬ್ಬಿಣ ಕುಗ್ಗಿ ಮರದ ಸಂದುಗಳೆಲ್ಲ ಕಿರ್ರೆಂದು ಬಿಗಿಯಾಗುತ್ತಿದ್ದವು. ಮೊಳೆಯಿಲ್ಲ, ಅಂಟಿಲ್ಲ. ಬಡಗಿ ಮತ್ತು ಕಮ್ಮಾರ ಒಟ್ಟಿಗೆ ನಿಲ್ಲದೆ ಆಗದ ಕೆಲಸ ಅದು.

ಈ ಗಾಲಿ ಎತ್ತರವಾದದ್ದು. ಹಾಗಾಗಿ ಹೊಲದ ಬದುವನ್ನಾಗಲಿ, ಹಳ್ಳದ ಗುಂಡುಕಲ್ಲನ್ನಾಗಲಿ ಸಲೀಸಾಗಿ ಹತ್ತಿ ಇಳಿಯುತ್ತದೆ. ಗಾಲಿ ದೊಡ್ಡದಾದಷ್ಟೂ ಅಡ್ಡಿ ಚಿಕ್ಕದಾಗುತ್ತದೆ ಎಂಬ ಲೆಕ್ಕ ಇಂದಿನ ಜೀಪಿನವರಿಗೂ ಅನ್ವಯಿಸುತ್ತದೆ. ಮುಳ್ಳಿನ ಹೆದರಿಕೆಯೂ ಇಲ್ಲ. ಜಗಳೂರಿನ ಕಡೆಯ ಜಾಲಿ ಮುಳ್ಳು ಹಳಿಯನ್ನು ಏನು ಮಾಡೀತು? ಅದರ ದೋಷ ಇದ್ದುದು ಅಗಲದಲ್ಲಿ. ಎಲ್ಲ ಭಾರವೂ ಕಿರಿದಾದ ಹಳಿಯ ಮೇಲೆ ಬೀಳುತ್ತಿದ್ದುದರಿಂದ ಎರೆಮಣ್ಣಿನಲ್ಲಿ ಅದು ಕತ್ತಿಯಂತೆ ಇಳಿಯುತ್ತಿತ್ತು. ಮಳೆಗಾಲದಲ್ಲಿ ಗಾಡಿಜಾಡು ಕಾಲುವೆಯಾಗುತ್ತಿತ್ತು. ಜಲ್ಲಿ ರಸ್ತೆಗೂ ಅದೇ ಗತಿ.

ಇನ್ನು ಸ್ಪ್ರಿಂಗಿನ ಮಾತು. ಜಟಕಾಕ್ಕೆ ಪಾಟಾ ಇತ್ತು, ಏಕೆಂದರೆ ಅದು ಹೊರುತ್ತಿದ್ದುದು ಮನುಷ್ಯರನ್ನು. ಲಂಡನ್ನಿನ ಒಬೇಡಿಯಾ ಎಲಿಯಟ್ 1804ರಲ್ಲಿ ಸಾರೋಟಿನ ಸ್ಪ್ರಿಂಗಿಗೆ ಪೇಟೆಂಟ್ ಪಡೆದಾಗಲೂ ಅವನ ಲಕ್ಷ್ಯ ಒಳಗೆ ಕುಳಿತವರ ಸೊಂಟದ ಮೇಲೇ ಇತ್ತು. ಗೊಬ್ಬರಕ್ಕೂ ಭತ್ತದ ಚೀಲಕ್ಕೂ ಸೊಂಟನೋವಿಲ್ಲ. ಹಾಗಾಗಿ ಸರಕಿನ ಗಾಡಿಗೆ ಯಾರೂ ಸ್ಪ್ರಿಂಗು ಹಾಕುವ ಗೋಜಿಗೆ ಹೋಗಲಿಲ್ಲ. ನೆಲದ ಪ್ರತಿ ಏಟೂ ಇರಸಿನಿಂದ ಮೂಕಿಗೆ, ಮೂಕಿಯಿಂದ ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ ಹೋಗುತ್ತಿತ್ತು.

ಈ ಸರಪಳಿಯನ್ನು ಸಡಿಲಿಸಿದ್ದು ಗಾಳಿ ತುಂಬಿದ ಟೈರು. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆಂದು ಅದನ್ನು ರೂಪಿಸಿದ. ಆತ ವೃತ್ತಿಯಿಂದ ಪಶುವೈದ್ಯ ಎಂಬುದು ನಮ್ಮ ಕಥೆಗೆ ಸೊಗಸಾಗಿ ಹೊಂದುತ್ತದೆ. ಡನ್ಲಪ್ ಕಂಪೆನಿ 1936ರಲ್ಲಿ ಬಂಗಾಳದ ಸಾಹಗಂಜಿನಲ್ಲಿ ಕಾರ್ಖಾನೆ ತೆರೆಯಿತು. ಗಾಡಿಗೆಂದೇ ತಯಾರಾದ ಟೈರುಗಳೂ ಭಾರತದ ಮಾರುಕಟ್ಟೆಗೆ ಬಂದವು. ಹಳ್ಳಿಯ ಗಾಡಿಗೆ ಬಂದದ್ದು ಮಾತ್ರ ಬಹಳಷ್ಟು ಸಲ ಹೊಸ ಟೈರಲ್ಲ. ಗುಜರಿಯಲ್ಲಿ ಸಿಕ್ಕ ಹಳೆಯ ಆಕ್ಸಲ್ಲು, ಲಾರಿಯಿಂದ ಕಳಚಿದ ಸವೆದ ಟೈರು, ಪೇಟೆಯ ವೆಲ್ಡಿಂಗ್ ಅಂಗಡಿಯವನ ಕೈಚಳಕ ಸೇರಿ ‘ಟೈರ್ ಗಾಡಿ’ ಆಯಿತು. ಟೈರು ಒಂದೇ ಏಟಿಗೆ ಗಾಲಿಯೂ ಆಯಿತು, ಸ್ಪ್ರಿಂಗೂ ಆಯಿತು. ಆಕ್ಸಲ್ಲಿನ ಜೊತೆ ಬೇರಿಂಗು ಬಂದದ್ದು ಮೇಲಿನ ಲಾಭ.

ಭದ್ರಾ ನಾಲೆಯ ನೀರು ಹರಿದು ಭತ್ತ, ಕಬ್ಬು ಹೆಚ್ಚಿದ ಕಡೆಗಳಲ್ಲಿ ಇಂಥ ಗಾಡಿಗೆ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಹಲಗೆ ತಗ್ಗಿನಲ್ಲಿರುವುದರಿಂದ ಹೇರುವುದು ಸುಲಭ. ಡಾಂಬರು ರಸ್ತೆಯಲ್ಲಿ ಅದೇ ಎತ್ತು ಅದೇ ಭಾರವನ್ನು ಎಷ್ಟೋ ಹಗುರಾಗಿ ಎಳೆಯುತ್ತದೆ. ಹಾಗಾದರೆ ಎತ್ತಿನ ಕಷ್ಟ ಕಡಿಮೆಯಾಯಿತೇ?

ಅಲ್ಲೇ ಇರುವುದು ತೊಡಕು. ಎತ್ತಿನ ಉಳಿತಾಯವನ್ನು ಮಾಲೀಕ ಹೆಚ್ಚುವರಿ ಚೀಲಗಳಾಗಿ ಹೇರಿಬಿಡಬಹುದು. ಇದಕ್ಕೆ ಕಾನೂನಿನ ಒಪ್ಪಿಗೆಯೂ ಒಂದು ಮಟ್ಟಿಗೆ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ 1965ರಲ್ಲಿ ಭಾರ ಎಳೆಯುವ, ಹೊರುವ ಪ್ರಾಣಿಗಳಿಗೆಂದು ನಿಯಮಗಳು ಬಂದವು. ಅದರ ಪಟ್ಟಿಯಲ್ಲಿ 200ರಿಂದ 350 ಕಿಲೋ ತೂಗುವ ಮಧ್ಯಮ ಎತ್ತಿನ ಎರಡು ಗಾಲಿ ಗಾಡಿಗೆ ಟೈರಿಲ್ಲದಿದ್ದರೆ 700 ಕಿಲೋ, ಟೈರಿದ್ದರೆ 1050 ಕಿಲೋ, ಬಾಲ್ ಬೇರಿಂಗ್ ಇದ್ದರೆ 1400 ಕಿಲೋ ಮಿತಿ. ಅಂದರೆ ಗಾಲಿ ಬದಲಿಸಿದರೆ ಒಂದೂವರೆಪಟ್ಟು, ಬೇರಿಂಗು ಹಾಕಿದರೆ ಎರಡುಪಟ್ಟು. ಕಡಿದಾದ ಏರು ಉದ್ದಕ್ಕೂ ಇದ್ದರೆ ಭಾರ ಅರ್ಧಕ್ಕೆ ಇಳಿಸಬೇಕು. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು.

ಏರಿಗೆ ನಿಯಮ ಉಂಟು, ಆದರೆ ನಿಜವಾದ ಅಪಾಯ ಇಳಿಜಾರಿನದು. ಮರದ ಗಾಲಿ ತನ್ನ ಜಡತನದಿಂದಲೇ ಸ್ವಲ್ಪ ತಡೆಯುತ್ತಿತ್ತು. ಟೈರು ಸರಾಗವಾಗಿ ಉರುಳುತ್ತದೆ. ಗಾಡಿಗೆ ಬ್ರೇಕಿಲ್ಲದಿದ್ದರೆ ಸಾವಿರ ಕಿಲೋ ಭಾರವನ್ನು ತಡೆದು ನಿಲ್ಲಿಸುವುದು ಎತ್ತಿನ ಕೊರಳೇ. ಹೇರು ಮುಂದಕ್ಕೆ ಜಾರಿದರೆ ನೊಗ ಒತ್ತುತ್ತದೆ, ಹಿಂದಕ್ಕೆ ವಾಲಿದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಗಾಲಿ ಎಷ್ಟೇ ಒಳ್ಳೆಯದಿರಲಿ, ಈ ತಕ್ಕಡಿಯಾಟ ಎರಡು ಗಾಲಿಯ ಗಾಡಿಗೆ ತಪ್ಪಿದ್ದಲ್ಲ.

ಇದನ್ನು ಅಳೆದು ನೋಡುವ ಕೆಲಸ ಬೆಂಗಳೂರಿನಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನರಾವ್ 1979ರಲ್ಲಿ ಎತ್ತಿನ ಗಾಡಿಯ ಬಲಗಳ ಬಗ್ಗೆ ಎಂಜಿನಿಯರಿಂಗ್ ಅಧ್ಯಯನ ಪ್ರಕಟಿಸಿದರು. ಅದೇ ವರ್ಷ ಬೆಂಗಳೂರಿನ ಐಐಎಂ ಕೂಡ ಗಾಡಿಯ ಆಧುನೀಕರಣದ ಬಗ್ಗೆ ವರದಿ ತಂದಿತು. ಅದರ ಹಿಂದಿದ್ದವರು ಸಂಸ್ಥೆಯ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಗಾಡಿಯ ಬೆನ್ನು ಹತ್ತಿದ್ದು ಆಗ ಕೆಲವರಿಗೆ ತಮಾಷೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ದೇಶದಲ್ಲಿ ಆಗ ಸುಮಾರು ಒಂದೂವರೆ ಕೋಟಿ ಗಾಡಿಗಳಿದ್ದವೆಂಬ ಅಂದಾಜಿತ್ತು. ಅದು ತಮಾಷೆಯ ಸಂಖ್ಯೆಯಲ್ಲ. ಹಗುರ ಮೈ, ಬೇರಿಂಗು, ಬ್ರೇಕು, ಹೆಗಲಿಗೆ ನೋವಾಗದ ನೊಗ ಸುಧಾರಕರ ಬೇಡಿಕೆಗಳಾಗಿದ್ದವು.

ಆ ಸುಧಾರಿತ ಗಾಡಿಗಳು ಮನೆಮನೆಗೆ ತಲುಪಲಿಲ್ಲ. ಕಾರಣವನ್ನು ರೈತನ ಮೊಂಡುತನದಲ್ಲಿ ಹುಡುಕಬೇಕಿಲ್ಲ. ಊರಲ್ಲಿ ರಿಪೇರಿಯಾಗುವ, ತುಂಡುತುಂಡಾಗಿ ಕೊಳ್ಳಬಹುದಾದ ವಸ್ತುವನ್ನೇ ಆತ ಆರಿಸಿಕೊಂಡ. ಈ ವರ್ಷ ಆಕ್ಸಲ್ಲು, ಸುಗ್ಗಿಯ ನಂತರ ಟೈರು, ಹಲಗೆ ಮಾತ್ರ ಅಪ್ಪನ ಕಾಲದ್ದೇ. ಜಿಪ್ಸಿಯವರು ಪಾಟಾ ಬದಲಿಸುತ್ತಿದ್ದ ಕ್ರಮವೂ ಹೆಚ್ಚುಕಡಿಮೆ ಇದೇ. ಬ್ರೇಕು ಮಾತ್ರ ಗುಜರಿಯಿಂದ ಬಂದ ಸಾಮಾನುಗಳ ಜೊತೆ ಗಾಡಿಗೆ ಏರಿದ್ದು ಅಪರೂಪ, ಏಕೆಂದರೆ ಅದಿಲ್ಲದೆಯೂ ಗಾಡಿ ಸಾಗುತ್ತಿತ್ತು.

ಜೀಪಿನವರಿಗೆ ಈಗ ಅಷ್ಟು ಸ್ವಾತಂತ್ರ್ಯವಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಕೂಡದು ಎಂದಿತು. ಟೈರ್ ಗಾಡಿಗೆ ಮೂಲ ವಿವರವೂ ಇಲ್ಲ, ತಯಾರಕನೂ ಇಲ್ಲ. ಅದರ ಹಳೆಯ ಮರದ ಗಾಲಿಗಳಲ್ಲಿ ಕೆಲವು ಈಗ ಹೆದ್ದಾರಿ ಪಕ್ಕದ ಡಾಬಾಗಳ, ರೆಸಾರ್ಟುಗಳ ಗೋಡೆಗೆ ಒರಗಿವೆ. ಹಳಿ ಕಾಯಿಸಲು ಬೆರಣಿ ಪೇರಿಸುತ್ತಿದ್ದ ಬಡಗಿ–ಕಮ್ಮಾರರ ಮಕ್ಕಳಲ್ಲಿ ಎಷ್ಟೋ ಮಂದಿ ವೆಲ್ಡಿಂಗಿಗೆ, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಕೆಲಸಕ್ಕೆ ಹೋಗಿದ್ದಾರೆ.