ಕೊಕ್ಕರೆಯ ಲಾಂಛನದ ಕಾರು

ವೈಭವದ ಮೋಟಾರು ಎಂದೊಡನೆ ನಮ್ಮವರ ಬಾಯಿಗೆ ಬರುವುದು ರೋಲ್ಸ್‌ರಾಯ್ಸ್. ಆ ರೋಲ್ಸ್‌ರಾಯ್ಸಿನವರೇ 1920ರ ದಶಕದಲ್ಲಿ ಹಣ ತೆತ್ತು ಮತ್ತೊಂದು ಕಾರಿನ ಬ್ರೇಕಿನ ವಿಧಾನವನ್ನು ಪಡೆದುಕೊಂಡರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಾರಿನ ಓಟದ ಬಲವನ್ನೇ ಅದನ್ನು ತಡೆಯಲು ಬಳಸುವ ಜಾಣ ಏರ್ಪಾಡು ಅದು. ಆ ಕಾರಿನ ಹೆಸರು ಹಿಸ್ಪಾನೊ-ಸುಯಿಸಾ. ವ್ಯಾಕರಣ ಪಾಠ ಹೇಳುವ ನನಗೆ ಈ ಹೆಸರು ದ್ವಂದ್ವಸಮಾಸದಂತೆ ಕಾಣುತ್ತದೆ: ಬಂಡವಾಳ ಸ್ಪೇನಿನದು, ಬುದ್ಧಿ ಸ್ವಿಸ್ ದೇಶದ್ದು.

ಬುದ್ಧಿ ಎಂದರೆ 1878ರಲ್ಲಿ ಜಿನೀವಾದಲ್ಲಿ ಹುಟ್ಟಿದ ಮಾರ್ಕ್ ಬಿರ್ಕಿಗ್ಟ್. ಬಾರ್ಸಿಲೋನಾದಲ್ಲಿ ಅವನು ದುಡಿದ ಮೊದಲ ಮೋಟಾರು ಕಂಪನಿ 1901ರಲ್ಲಿ ಮುಳುಗಿತು. ಅದನ್ನು ವಹಿಸಿಕೊಂಡ ಎರಡನೆಯದೂ 1904ರಲ್ಲಿ ಮುಳುಗಿತು. ಅದೇ ವರ್ಷ ದಾಮಿಯಾನ್ ಮತೇವು ಎಂಬ ಉದ್ಯಮಿ ಮುಂದೆ ಬಂದು ಹೊಸ ಕಂಪನಿಯನ್ನು ಕಟ್ಟಿದ. ದೊರೆ 13ನೆಯ ಅಲ್ಫೋನ್ಸೊ ಈ ಕಾರುಗಳಿಗೆ ಮರುಳಾದ. ಒಂದು ಮಾದರಿಗೆ ಅವನ ಹೆಸರನ್ನೇ ಇಟ್ಟರು. ಆದರೆ ದೊರೆಯೊಬ್ಬ ಕೊಂಡರೆ ಕಾರ್ಖಾನೆ ನಡೆದೀತೆ? ಧನಿಕ ಗಿರಾಕಿಗಳಿದ್ದುದು ಫ್ರಾನ್ಸಿನಲ್ಲಿ. 1911ರಲ್ಲಿ ಪ್ಯಾರಿಸ್ಸಿನ ಮಗ್ಗುಲಿನಲ್ಲಿ ಮತ್ತೊಂದು ಕಾರ್ಖಾನೆ ತೆರೆಯಿತು.

ಅಷ್ಟರಲ್ಲಿ ಮಹಾಯುದ್ಧ ಬಂತು. ಬಿರ್ಕಿಗ್ಟ್ ಕಾರನ್ನು ಬದಿಗಿಟ್ಟು ವಿಮಾನದ ಎಂಜಿನ್ನಿಗೆ ಕೈಹಾಕಿದ. ಸಿಲಿಂಡರುಗಳನ್ನು ಬಿಡಿಬಿಡಿಯಾಗಿ ಜೋಡಿಸುವ ರೂಢಿಯನ್ನು ಬಿಟ್ಟು, ನಾಲ್ಕು ನಾಲ್ಕನ್ನು ಒಂದೇ ಅಲ್ಯೂಮಿನಿಯಂ ಎರಕದಲ್ಲಿ ಅಡಕಮಾಡಿದ. ಎಂಜಿನ್ನು ಹಗುರ, ಆದರೆ ಗಟ್ಟಿ. ಫ್ರಾನ್ಸಿನ ಸ್ಪಾಡ್ ಯುದ್ಧವಿಮಾನಗಳನ್ನು ಹಾರಿಸಿದ್ದು ಅದೇ. ಅಂಥ ವಿಮಾನವನ್ನು ನಡೆಸಿದವರಲ್ಲಿ ಜಾರ್ಜ್ ಗಿನೆಮೆ ಒಬ್ಬ. ಶತ್ರುಗಳ 53 ವಿಮಾನಗಳನ್ನು ಕೆಡವಿದ ಕೀರ್ತಿ ಅವನದು. 1917ರ ಸೆಪ್ಟೆಂಬರ್ 11ರಂದು ಬೆಲ್ಜಿಯಂ ಮೇಲೆ ಹಾರಿದವನು ಹಿಂತಿರುಗಲಿಲ್ಲ. ವಯಸ್ಸು 22. ಅವನ ದಳದ ಗುರುತು ಹಾರುವ ಕೊಕ್ಕರೆ.

1919ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಬಂದ ಹಿಸ್ಪಾನೊದ ಎಚ್-6 ಕಾರಿನಲ್ಲಿ ವಿಮಾನದ ಎಂಜಿನ್ನಿನಿಂದ ಕಲಿತ ವಿದ್ಯೆಯೆಲ್ಲ ಇತ್ತು: ಆರು ಸಿಲಿಂಡರು, ಅದೇ ಅಲ್ಯೂಮಿನಿಯಂ ಎರಕ, ನಾಲ್ಕೂ ಗಾಲಿಗೆ ಬ್ರೇಕು. ಮುಂದೆ ಈ ಕಾರುಗಳ ಮೂತಿಯ ಮೇಲೆ ರೆಕ್ಕೆ ಚಾಚಿದ ಬೆಳ್ಳಿಬಣ್ಣದ ಕೊಕ್ಕರೆ ಕುಳಿತಿತು. ಸಂಗೀತನಾಟಕಕ್ಕೆ ಹೊರಟ ಶ್ರೀಮಂತರಿಗೆ ಅದು ಒಡವೆಯಾಗಿ ಕಂಡಿದ್ದೀತು. ನನಗಂತೂ ಅದು ವೀರಗಲ್ಲು.

ಕೊನೆಯೂ ಯುದ್ಧದಿಂದಲೇ. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಹೊತ್ತಿದಾಗ ಬಾರ್ಸಿಲೋನಾದ ಕಾರ್ಖಾನೆ ಕಾರ್ಮಿಕ ಸಮಿತಿಗಳ ವಶವಾಯಿತು. ಯೂರೋಪಿನಲ್ಲಿ ಮತ್ತೆ ಮೋಡ ಕವಿದಿರಲು, 1938ರಲ್ಲಿ ಫ್ರೆಂಚ್ ಶಾಖೆ ಕಾರುಗಳನ್ನು ನಿಲ್ಲಿಸಿ ಪೂರ್ತಿಯಾಗಿ ವಿಮಾನದ ಎಂಜಿನ್ನುಗಳತ್ತ ತಿರುಗಿತು. ಬಾರ್ಸಿಲೋನಾದ ಕಾರ್ಖಾನೆಯನ್ನು 1946ರಲ್ಲಿ ಸ್ಪೇನಿನ ಸರ್ಕಾರಿ ಸಂಸ್ಥೆ ಕೊಂಡಿತು. ದೊರೆಯ ಕಾರು ತಯಾರಾಗುತ್ತಿದ್ದ ಆ ಕಂಪನಿಯ ಅಂಗಳದಿಂದ ಆಮೇಲೆ ಪೆಗಾಸೊ ಎಂಬ ಲಾರಿಗಳು ಹೊರಬಿದ್ದವು.